ಡಿವಿಡಿ ಪ್ರದೇಶ ಸಂಕೇತ

ಡಿವಿಡಿ ಪ್ರದೇಶ ಸಂಕೇತವು ಒಂದು ಡಿವಿಡಿಯನ್ನು ಯಾವ ದೇಶಗಳಲ್ಲಿ ಮಾರಾಟವಾದ ಪ್ಲೇಯರ್‌ಗಳಲ್ಲಿ ನೋಡಬಹುದು ಎಂಬುದನ್ನು ನಿರ್ಧರಿಸುವ ಗುರುತಾಗಿದೆ. ಆದರೆ ವಿದೇಶದಿಂದ ತಂದ ಡಿವಿಡಿ ಮನೆಯಲ್ಲಿ ಸರಿಯಾಗಿ ಕಾಣದಿರಲು ಈ ಸಂಕೇತವೊಂದೇ ಕಾರಣವಲ್ಲ. ಟಿವಿ ಮಾನಕಗಳ ವ್ಯತ್ಯಾಸವೂ ಕಾರಣವಾಗಬಹುದು. ಮೊದಲನೆಯದು ವ್ಯಾಪಾರದ ನಿರ್ಬಂಧ, ಎರಡನೆಯದು ತಾಂತ್ರಿಕ ಭಿನ್ನತೆ. ಒಂದನ್ನು ನಿವಾರಿಸಿದರೆ ಇನ್ನೊಂದು ತಾನಾಗಿ ನಿವಾರಣೆಯಾಗುವುದಿಲ್ಲ.

ಪ್ರದೇಶಗಳು

ಚಲನಚಿತ್ರಗಳು ಬೇರೆಬೇರೆ ದೇಶಗಳಲ್ಲಿ ಬೇರೆಬೇರೆ ಸಮಯದಲ್ಲಿ ಬಿಡುಗಡೆಯಾಗುತ್ತಿದ್ದುದರಿಂದ ನಿರ್ಮಾಣ ಸಂಸ್ಥೆಗಳು ಈ ವಿಂಗಡಣೆಯನ್ನು ಬಯಸಿದವು. ಅಮೆರಿಕ ಮತ್ತು ಕೆನಡಾ 1ನೇ ಪ್ರದೇಶ, ಪಶ್ಚಿಮ ಯುರೋಪ್ ಮತ್ತು ಜಪಾನ್ 2, ಆಗ್ನೇಯ ಏಷ್ಯಾ 3, ಆಸ್ಟ್ರೇಲಿಯ ಮತ್ತು ಲ್ಯಾಟಿನ್ ಅಮೆರಿಕ 4, ಭಾರತ, ರಷ್ಯಾ ಹಾಗೂ ಆಫ್ರಿಕಾದ ಬಹುಭಾಗ 5, ಚೀನಾ 6. ಎಲ್ಲ ಪ್ರದೇಶಗಳಿಗೂ ತೆರೆದ ಡಿಸ್ಕನ್ನು ರೂಢಿಯಲ್ಲಿ '0' ಎಂದು ಗುರುತಿಸುತ್ತಾರೆ.

ಪಾಲ್ ಮತ್ತು ಎನ್‌ಟಿಎಸ್‌ಸಿ

ಭಾರತದಲ್ಲಿ 1982ರಲ್ಲಿ ಆರಂಭವಾದ ವರ್ಣ ಪ್ರಸಾರವು ಪಾಲ್ ಮಾನಕವನ್ನು ಅನುಸರಿಸಿತು. ಪಾಲ್ ಡಿವಿಡಿಯ ಚಿತ್ರ 720×576 ಬಿಂದುಗಳದು, ಸೆಕೆಂಡಿಗೆ 25 ಚೌಕಟ್ಟು. ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿ ಡಿವಿಡಿಯಲ್ಲಿ 720×480 ಬಿಂದುಗಳು, ಸೆಕೆಂಡಿಗೆ 29.97 ಚೌಕಟ್ಟು. ಪಾಲ್ ಸಂಕೇತವನ್ನಷ್ಟೇ ಗ್ರಹಿಸುವ ಹಳೆಯ ಟಿವಿಯಲ್ಲಿ ಎನ್‌ಟಿಎಸ್‌ಸಿ ಚಿತ್ರವು ಕಪ್ಪು-ಬಿಳುಪಾಗಿ ಕಾಣಬಹುದು ಅಥವಾ ಮೇಲೆ-ಕೆಳಗೆ ಉರುಳಬಹುದು. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಪಾಲ್‌ಗೆ ತರುವಾಗ ಸಾಮಾನ್ಯವಾಗಿ ವೇಗ ಹೆಚ್ಚಿಸುವುದರಿಂದ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಅದು ಕತ್ತರಿಯ ಕೆಲಸವಲ್ಲ.

ರಾಮನಗರ ಪರಿಸರದ ಉದಾಹರಣೆ

ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಗುಹೆಗಳ ದೃಶ್ಯಗಳಿಗೆ ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ರಾಮನಗರದ ಬಂಡೆಗಳು ಹಿನ್ನೆಲೆಯಾದವು. ಆದರೂ 1ನೇ ಪ್ರದೇಶಕ್ಕೆ ಮಾತ್ರ ಸೀಮಿತವಾದ ಇದರ ಡಿಸ್ಕ್, 5ನೇ ಪ್ರದೇಶಕ್ಕೆ ಹೊಂದಿಸಿದ ಪ್ಲೇಯರ್‌ನಲ್ಲಿ ಚನ್ನಪಟ್ಟಣದಲ್ಲಾಗಲಿ ಕನಕಪುರದಲ್ಲಾಗಲಿ ತೆರೆಯುವುದಿಲ್ಲ. ಚಿತ್ರ ಎಲ್ಲಿ ತಯಾರಾಯಿತು ಎಂಬುದನ್ನು ಸಂಕೇತ ಪರಿಗಣಿಸುವುದಿಲ್ಲ. ಡಿಸ್ಕ್ ಯಾವ ಮಾರುಕಟ್ಟೆಗೆ ಮೀಸಲು ಎಂಬುದನ್ನಷ್ಟೇ ಪರಿಗಣಿಸುತ್ತದೆ. ಹಣ ಕೊಟ್ಟು ಕೊಂಡ ಅಸಲಿ ಪ್ರತಿಗೂ ಇದೇ ನಿಯಮ.

ಪರಿಹಾರಗಳು

ಡಿಸ್ಕಿನ ಹೊದಿಕೆಯ ಮೇಲೆ ಗೋಲದ ಚಿತ್ರದೊಳಗಿನ ಅಂಕಿಯನ್ನೂ ಪಾಲ್ ಅಥವಾ ಎನ್‌ಟಿಎಸ್‌ಸಿ ಎಂಬ ಬರಹವನ್ನೂ ಮೊದಲು ನೋಡಬೇಕು. ಪ್ರದೇಶದ ತೊಡಕಿಗೆ ಬಹುಪ್ರದೇಶ ಪ್ಲೇಯರ್ ಉತ್ತರ. ಮಾನಕದ ತೊಡಕಿಗೆ ಎರಡೂ ಮಾನಕಗಳನ್ನು ಗ್ರಹಿಸುವ ಟಿವಿ ಅಥವಾ ಮಾನಕವನ್ನು ಪರಿವರ್ತಿಸುವ ಪ್ಲೇಯರ್ ಬೇಕು. ಕಂಪ್ಯೂಟರಿನ ಡಿವಿಡಿ ಡ್ರೈವ್‌ಗಳಲ್ಲಿ ಪ್ರದೇಶವನ್ನು ಸಾಮಾನ್ಯವಾಗಿ 5 ಬಾರಿ ಮಾತ್ರ ಬದಲಿಸಬಹುದು. ನಂತರ ಕೊನೆಯ ಆಯ್ಕೆಯೇ ಸ್ಥಿರವಾಗುತ್ತದೆ. ಅಮೆರಿಕದಿಂದ ಪ್ಲೇಯರನ್ನೇ ತಂದರೆ ಅದು 120 ವೋಲ್ಟ್‌ಗೆ ಮಾತ್ರ ತಯಾರಾದದ್ದೇ ಎಂದು ಪರೀಕ್ಷಿಸಬೇಕು. ಅಂಥದ್ದನ್ನು ಭಾರತದ 230 ವೋಲ್ಟ್ ವಿದ್ಯುತ್ತಿಗೆ ನೇರವಾಗಿ ಜೋಡಿಸಿದರೆ ಹಾಳಾಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಅಗತ್ಯ.

ನಂತರದ ಬೆಳವಣಿಗೆ

ಬ್ಲೂ-ರೇ ಡಿಸ್ಕ್‌ಗಳಲ್ಲಿ ಪ್ರದೇಶಗಳು ಎ, ಬಿ, ಸಿ ಎಂಬ ಮೂರಕ್ಕೆ ಇಳಿದವು. ಭಾರತ ಸಿ ಪ್ರದೇಶದಲ್ಲಿದೆ. ಡಿವಿಡಿಯ ಅಂಕಿಗಳಿಗೂ ಈ ಅಕ್ಷರಗಳಿಗೂ ಸಂಬಂಧವಿಲ್ಲ. 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇಯಲ್ಲಿ ಪ್ರದೇಶ ಸಂಕೇತವನ್ನು ಕೈಬಿಡಲಾಯಿತು.