ಬ್ಯಾಟರಿಯ ಬಾಳಿಕೆ: ಮನೆಯಲ್ಲಿ ಮಾಡಿದ ಒಂದು ಪರೀಕ್ಷೆ

ಕಾಗಿನೆಲೆಯಲ್ಲಿ ಓದುವವರಿಗೆ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ನೆಲ್ಲು ಹೆಚ್ಚೋ ರಾಗಿ ಹೆಚ್ಚೋ ಎಂಬ ವಾದ ಹುಟ್ಟಿದಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಅವಧಿ ಮುಗಿದ ಮೇಲೆ ತೆಗೆಸಿ ನೋಡಿದರೆ ರಾಗಿ ಗಟ್ಟಿಯಾಗಿ ಉಳಿದಿತ್ತು, ನೆಲ್ಲು ಕಳೆಗುಂದಿತ್ತು. ತರಗತಿಯಲ್ಲಿ ಇದನ್ನು ಓದುವಾಗ ಮೇಲು ಕೀಳಿನ ವಿಚಾರವನ್ನೇ ನಾವು ಮುಖ್ಯವಾಗಿ ನೋಡುತ್ತೇವೆ, ಅದು ಸರಿಯೇ. ಆದರೆ ಕಳೆದ ಸುಗ್ಗಿಯಲ್ಲಿ ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಂಡಿತು. ಎರಡಕ್ಕೂ ಒಂದೇ ಸೆರೆ, ಒಂದೇ ಅವಧಿ. ಬಾಳಿಕೆಯನ್ನು ಹೋಲಿಸಬೇಕಾದ ರೀತಿಯೇ ಅದು. ನಾನು ಹೋಲಿಸಬೇಕಾಗಿ ಬಂದದ್ದು ಮಾತ್ರ ಧಾನ್ಯಗಳನ್ನಲ್ಲ, ಮೊಬೈಲ್ ಬ್ಯಾಟರಿಗಳನ್ನು.

ನಡೆದದ್ದು ಇಷ್ಟು. ನಮ್ಮ ತಂದೆಯವರು ಮೆಣಸಿನಕಾಯಿ ಚೀಲಗಳೊಂದಿಗೆ ಬ್ಯಾಡಗಿ ಪೇಟೆಗೆ ಹೋಗಿದ್ದರು. ಅಂದಿನ ಧಾರಣೆ ಕಡಿಮೆ. ಮಾಲನ್ನು ಕೊಡುವುದೋ, ಕೋಲ್ಡ್ ಸ್ಟೋರೇಜಿನಲ್ಲಿ ಇರಿಸುವುದೋ ಎಂದು ಮನೆಯವರನ್ನು ಕೇಳಲು ಫೋನು ಹಚ್ಚಿದರು. ಮಾತು ಅರ್ಧಕ್ಕೆ ನಿಂತಿತು. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಬ್ಯಾಟರಿ ಮಧ್ಯಾಹ್ನದೊಳಗೆ ಮುಗಿದಿತ್ತು. ಕಡೆಗೆ ಬಂದ ಧಾರಣೆಗೇ ಮಾಲು ಕೊಟ್ಟು ಬಂದರು. ಸಂಜೆ ಮನೆಗೆ ಬಂದವರೇ, “ಈ ಗುಂಡಿ ಫೋನ್ ಸಾಕಪಾ ತಮ್ಮಾ. ಐದು ಸಾವಿರದ ಬ್ಯಾಟರಿ ಇರೂ ದೊಡ್ಡ ಫೋನ್ ತಗೊಳ್ಳೂಣು,” ಎಂದರು. ಅದಕ್ಕೆ ಬೇಕಾದ ಹಣವೆಂದರೆ ಅಕ್ಕನ ಬಿ.ಇಡಿ. ಫೀಜಿಗೆಂದು ಎತ್ತಿಟ್ಟದ್ದು. ಅಕ್ಕ ಏನೂ ಮಾತನಾಡಲಿಲ್ಲ. ನಾನು, “ಅಪ್ಪಾ, ಒಂದೆರಡು ವಾರ ತಡೀರಿ, ಪರೀಕ್ಷೆ ಮಾಡಿ ನೋಡತೀನಿ,” ಎಂದೆ.

ನಮ್ಮದು ಕಲಾ ಕಾಲೇಜು. ಪ್ರಯೋಗಶಾಲೆಯ ಮಾತೇ ಇಲ್ಲ. ಗೋಡೆಯ ಗಡಿಯಾರ, ಒಂದು ನೋಟುಬುಕ್ಕು, ಮನೆಯಲ್ಲಿದ್ದ ಮೂರು ಫೋನುಗಳು, ಇವೇ ನನ್ನ ಸಾಮಗ್ರಿ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯ ವಿಚಾರ. ಐದು ಸಾವಿರವೆಂದರೆ 5000 ಮಿಲಿಆಂಪಿಯರ್-ಗಂಟೆ. ಇದು ಶಕ್ತಿಯ ಪೂರ್ಣ ಲೆಕ್ಕವಲ್ಲ. ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ವಾಟ್-ಗಂಟೆ ಸಿಗುತ್ತದೆ. ನನ್ನ ಫೋನಿನದು 5000, 3.85 ವೋಲ್ಟ್, ಅಂದರೆ 19.25 ವಾಟ್-ಗಂಟೆ. ಅಕ್ಕನ ನಾಲ್ಕು ವರ್ಷ ಹಳೆಯ ಫೋನು 4000ದ್ದು, 15.4 ವಾಟ್-ಗಂಟೆ. ತಂದೆಯವರ ಗುಂಡಿ ಫೋನಿನದು 1000, 3.7 ವೋಲ್ಟ್, ಬರೀ 3.7 ವಾಟ್-ಗಂಟೆ. ಇದು ಕಣಜ ಎಷ್ಟು ದೊಡ್ಡದು ಎಂದು ಹೇಳುತ್ತದೆಯೇ ಹೊರತು, ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂದು ಹೇಳುವುದಿಲ್ಲ.

ಮೊದಲ ವಾರದ ನನ್ನ ಪರೀಕ್ಷೆ ಕೆಟ್ಟಿತೆಂದು ಒಪ್ಪಿಕೊಳ್ಳಬೇಕು. ಒಂದು ದಿನ ಹೆಚ್ಚು ಮಾತು, ಒಂದು ದಿನ ಹೆಚ್ಚು ಹಾಡು. ಅಂಕಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ಆಗಲೇ ನನಗೆ ರಾಮನ ಸೆರೆಮನೆ ನೆನಪಾದದ್ದು. ಎರಡನೆಯ ವಾರ ಎರಡು ದೊಡ್ಡ ಫೋನುಗಳ ಸಿಮ್ ತೆಗೆದು, ತೆರೆಯ ಬೆಳಕನ್ನು ಕಣ್ಣಿಗೆ ಸಮವಾಗುವಂತೆ ಇರಿಸಿ, ಒಂದೇ ಸಿನಿಮಾವನ್ನು ಫೋನಿನೊಳಗೇ ತುಂಬಿ, ನೆರಳಿನಲ್ಲಿ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಓಡಿಸಿದೆ. ನನ್ನದು 14 ಗಂಟೆ ನಡೆಯಿತು. ಬ್ಯಾಟರಿಯ ಪ್ರಮಾಣ ನೋಡಿದರೆ ಅಕ್ಕನದು 11 ಗಂಟೆಯಾದರೂ ನಡೆಯಬೇಕಿತ್ತು, 7ಕ್ಕೇ ನಿಂತಿತು. ಮೂರು ಸಲ ಮಾಡಿದರೂ ಕಾಲು ಗಂಟೆಗಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ. ತೆರೆಯೂ ಯಂತ್ರವೂ ಬೇರೆಯಾದುದರಿಂದ ಎಲ್ಲ ತಪ್ಪನ್ನೂ ಬ್ಯಾಟರಿಯ ಮೇಲೆ ಹೊರಿಸಲಾಗದು. ಆದರೂ ವಯಸ್ಸಿನ ಪಾಲು ಇದ್ದೇ ಇದೆ. 1991ರಲ್ಲಿ ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದ ಈ ಲಿಥಿಯಂ-ಅಯಾನ್ ಜಾತಿಯ ಬ್ಯಾಟರಿ, ತುಂಬಿ ಖಾಲಿಯಾದ ಪ್ರತಿಯೊಂದು ಸುತ್ತಿನಲ್ಲೂ ತುಸು ತುಸುವಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಿಸಿಲಿಗೆ ಬಿದ್ದರೆ ಇನ್ನೂ ಬೇಗ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಹೊಸ ಫೋನುಗಳು, ಒಂದು ಸಲ ತುಂಬಿದರೆ ಎಷ್ಟು ಹೊತ್ತು ನಡೆಯುತ್ತವೆಂಬುದನ್ನು ಚೀಟಿಯಲ್ಲೇ ತೋರಿಸಬೇಕು. ಅದನ್ನು ಎಲ್ಲರೂ ಒಂದೇ ವಿಧಾನದಿಂದ ಅಳೆಯಬೇಕೆಂಬುದು ಇದರ ಸೊಗಸು.

ಇನ್ನು ಹೊಲದ ಪರೀಕ್ಷೆ. ನನ್ನ ಫೋನನ್ನೇ ಸಿಮ್ ಸಹಿತ, ತೆರೆ ಆರಿಸಿ, ಬೆಳಗಿನ 8ರಿಂದ ಸಂಜೆ 4ರವರೆಗೆ ಎರಡು ದಿನ ಮನೆಯಲ್ಲಿಯೂ ಎರಡು ದಿನ ಹೊಲದಲ್ಲಿಯೂ ಇಟ್ಟೆ. ಮನೆಯಲ್ಲಿ ಶೇಕಡಾ 6ರಷ್ಟು ಇಳಿಯಿತು. ಹೊಲದಲ್ಲಿ, ಯಾರೂ ಮುಟ್ಟದೆಯೇ, 17! ಕಾರಣ ಸರಳವಾದುದು. ನಮ್ಮ ಹೊಲ ಟವರಿನಿಂದ ದೂರ. ಹತ್ತಿರದವನೊಡನೆ ಪಿಸುಮಾತಿನಲ್ಲಿ ಆಡುವವನು ಬದುವಿನ ಆಚೆಯವನನ್ನು ಕರೆಯಲು ಕೂಗಬೇಕಾಗುವಂತೆ, ನೆಟ್‌ವರ್ಕ್ ಕ್ಷೀಣವಾದಲ್ಲಿ ಫೋನು ಹೆಚ್ಚು ಬಲದಿಂದ ಅಲೆಗಳನ್ನು ಕಳುಹಿಸುತ್ತದೆ. ಅದು ಸಿಗದಿದ್ದರೆ ಹುಡುಕುತ್ತಲೇ ಇರುತ್ತದೆ. ಫೋನು ಎಷ್ಟೇ ದೊಡ್ಡದಾದರೂ ಈ ಖರ್ಚು ತಪ್ಪದು.

ಕೊನೆಗೆ ತಂದೆಯವರ ಫೋನನ್ನು ಬಿಚ್ಚಿದೆ. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದರೆ ಬುಗುರಿಯಂತೆ ತಿರುಗಿತು. ಹೊಟ್ಟೆ ಉಬ್ಬಿದ್ದರಿಂದಲೇ ಹಾಗೆ ತಿರುಗಿದ್ದು, ಸಪಾಟಾದುದು ತಿರುಗುವುದಿಲ್ಲ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಚುಚ್ಚಬಾರದು, ಬೆಂಕಿಗೆ ಎಸೆಯಬಾರದು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 16046 ಗುರುತು ಇದ್ದ ಹೊಸ ಬ್ಯಾಟರಿಯೊಂದನ್ನು ಕೆಲವು ನೂರು ರೂಪಾಯಿಗೆ ತಂದು ಹಾಕಿದೆ.

ಆ ಮೇಲೆ ಗುಂಡಿ ಫೋನು, ನನ್ನ ಫೋನು ಎರಡನ್ನೂ ತುಂಬಿ, ಒಂದೇ ಕಂಪನಿಯ ಸಿಮ್ ಹಾಕಿ, ಒಂದೇ ಗೂಡಿನಲ್ಲಿ ಸುಮ್ಮನೆ ಇಟ್ಟೆ. ಹತ್ತೊಂಬತ್ತು ವಾಟ್-ಗಂಟೆಯದು ನಾಲ್ಕನೆಯ ದಿನ ಬೆಳಿಗ್ಗೆ ಆರಿತು. ನಾಲ್ಕು ವಾಟ್-ಗಂಟೆಯೂ ಇಲ್ಲದ ಗುಂಡಿ ಫೋನು ಆರನೆಯ ದಿನವೂ ಕರೆದರೆ ಓಗೊಟ್ಟಿತು. ತಂದೆಯವರು ಅದನ್ನು ಎರಡು ಸಲ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು.

ಅಕ್ಕನ ಫೀಜು ಆ ವಾರವೇ ತುಂಬಿತು. ತಂದೆಯವರು ಈಗ ಹೊಲಕ್ಕೆ ಹೋದಾಗ ಫೋನನ್ನು ಬುತ್ತಿಯ ಗಂಟಿನ ಜೊತೆ ಎತ್ತರದ ಬದುವಿನ ಬೇವಿನ ನೆರಳಿನಲ್ಲಿ ಇಡುತ್ತಾರೆ. ಅಲ್ಲಿ ನೆಟ್‌ವರ್ಕಿನ ಗೆರೆ ಎರಡು ಬರುತ್ತವೆ.