ಅಡ್ಡಹೆಸರಿನ ಬೆನ್ನುಹತ್ತಿ

ಮನುಷ್ಯನಿಗೆ ಹೆಸರನ್ನಿಡುವವರು ತಾಯಿತಂದೆಗಳು. ಅಡ್ಡಹೆಸರನ್ನಾದರೋ ಊರು ಇಡುತ್ತದೆ, ಆಳುವವರು ಇಡುತ್ತಾರೆ, ಒಮ್ಮೊಮ್ಮೆ ನೆರೆಯೂರಿನವರೂ ಇಡುತ್ತಾರೆ. ನಮ್ಮ ಅಡ್ಡಹೆಸರು ಎಲ್ಲಿಂದ ಬಂದಿತು, ಯಾವ ಕಾಲಕ್ಕೆ ಬಂದಿತು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮ ಮನೆಗಳಲ್ಲಿ ವಿರಳ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಮನೆತನಗಳನ್ನು ಕಣ್ಣಮುಂದಿಟ್ಟುಕೊಂಡು, ಆ ಉತ್ತರವನ್ನು ಎಲ್ಲಿ ಹುಡುಕಬೇಕೆಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಇಂಗ್ಲಂಡದಲ್ಲಿ ಇಂಥ ಹುಡುಕಾಟವು ಅಷ್ಟು ಕಠಿನವಲ್ಲ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಇಗರ್ಜಿಯಲ್ಲಿ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಅಪ್ಪಣೆ ಮಾಡಿಸಿದನು. 1837ರಿಂದ ಸರಕಾರವೇ ಜನನ ಮರಣಗಳನ್ನು ನೋಂದಿಸತೊಡಗಿತು. 1841ರಿಂದೀಚಿನ ಜನಗಣತಿಯ ಪುಸ್ತಕಗಳಲ್ಲಿ ಮನೆಮನೆಯವರ ಹೆಸರುಗಳಿದ್ದು, ನೂರು ವರ್ಷ ಕಳೆದೊಡನೆ ಅವುಗಳನ್ನು ಯಾರಾದರೂ ನೋಡಬಹುದು. ಆದಕಾರಣ ಅಲ್ಲಿಯವರು ಒಂದು ಅಡ್ಡಹೆಸರಿನ ಜಾಡು ಹಿಡಿದು ಒಂದು ಜಿಲ್ಲೆಯಿಂದ ಮತ್ತೊಂದು ಜಿಲ್ಲೆಗೆ ಶತಮಾನಗಳ ಹಿಂದಕ್ಕೆ ನಡೆದುಹೋಗಬಲ್ಲರು. ನಮ್ಮ ದೇಶದಲ್ಲಿ 1948ರ ಜನಗಣತಿ ಕಾಯಿದೆಯ ಪ್ರಕಾರ ಗಣತಿಯಲ್ಲಿ ಬರೆದುಕೊಂಡ ವ್ಯಕ್ತಿಯ ವಿವರವು ಗುಪ್ತವಾದುದು. ಆ ಬಾಗಿಲು ನಮಗಿಲ್ಲ. ನಮಗಿರುವ ಬಾಗಿಲುಗಳು ಬೇರೆ.

ಮೊದಲು ಹೆಸರುಗಳ ಬಗೆಯನ್ನು ನೋಡೋಣ. ಈ ಸೀಮೆಯ ಅಡ್ಡಹೆಸರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು. ಬಡಿಗೇರ, ಕಂಬಾರ, ಕುಂಬಾರ, ಹೂಗಾರ ಮುಂತಾದವು ಕಸಬಿನಿಂದ ಬಂದವು; ಇಂಗ್ಲಂಡದ ಸ್ಮಿತ್ ಎಂಬವನೂ ನಮ್ಮ ಕಂಬಾರನೇ ಸರಿ. ಹಿರೇಮಠ, ಮಠಪತಿ ಎಂಬವು ಮಠದ ಸಂಬಂಧದಿಂದ ಬಂದವು. ಮೂರನೆಯವು ಊರಿನ ಹೆಸರುಗಳು. ನಾಲ್ಕನೆಯವು ಅಧಿಕಾರದಿಂದ ಬಂದವು, ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಮುಖ, ಬಿರಾದಾರ ಇತ್ಯಾದಿ.

ಚಾಲುಕ್ಯರ ಕಾಲದಲ್ಲಿ ಆಳಂದವು ಅಳಂದೆ ಸಾಸಿರವೆಂಬ ನಾಡಿಗೆ ಮುಖ್ಯ ಸ್ಥಳವಾಗಿತ್ತು. ಆ ಕಾಲದ ಶಾಸನಗಳಲ್ಲಿ ಕಾಣುವ ಗಾವುಂಡ, ಸೇನಬೋವ ಎಂಬ ಪದಗಳೂ ಅಧಿಕಾರದ ಹೆಸರುಗಳೇ. ಬಹಮನಿಯವರು, ಆದಿಲಶಾಹಿಯವರು, ಮೊಗಲರು, ನಿಜಾಮರು ಒಬ್ಬರ ತರುವಾಯ ಒಬ್ಬರು ಆಳಿದಂತೆ ಅಧಿಕಾರದ ಭಾಷೆ ಬದಲಾಯಿತು, ಹೆಸರೂ ಬದಲಾಯಿತು. ನಿಜಾಮರ ಆಳಿಕೆಯಲ್ಲಿ ಊರ ಪಾಟೀಲಕಿಯು ಎರಡಾಗಿ, ಕಂದಾಯ ನೋಡುವವನು ಮಾಲಿ ಪಾಟೀಲನೆಂದೂ ಊರ ಶಾಂತಿಪಾಲನೆ ನೋಡುವವನು ಪೊಲೀಸ್ ಪಾಟೀಲನೆಂದೂ ಕರೆಯಿಸಿಕೊಂಡರು. ಮಾಲಿ ಎಂದರೆ ಹೂದೋಟದವನೆಂದು ಪರಸ್ಥಳದವರು ತಿಳಿಯುವುದುಂಟು. ಇಲ್ಲಿ ಅದು ಕಂದಾಯವೆಂಬರ್ಥದ ಮಾಲ್ ಶಬ್ದದಿಂದ ಬಂದುದು. ಒಂದೇ ಮೂಲಪುರುಷನ ಎರಡು ಕವಲುಗಳು ಈ ಎರಡು ಕೆಲಸಗಳನ್ನು ಹಿಡಿದರೆ ಮೊಮ್ಮಕ್ಕಳ ಕಾಲಕ್ಕೆ ಎರಡು ಅಡ್ಡಹೆಸರುಗಳಾಗುವವು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಈ ಅಧಿಕಾರಗಳೆಲ್ಲ ಹೋದವು. ಅಡ್ಡಹೆಸರು ಮಾತ್ರ ಉಳಿಯಿತು.

ಊರಿನ ಹೆಸರಿನದು ಇನ್ನೊಂದು ಚೋದ್ಯ. ಊರಲ್ಲಿಯೇ ಇರುವವನಿಗೆ ಊರಿನ ಹೆಸರು ಸಾಮಾನ್ಯವಾಗಿ ಅಂಟುವುದಿಲ್ಲ; ಬಿಟ್ಟುಹೋದವನಿಗೆ ಅಂಟುತ್ತದೆ. ಆದುದರಿಂದ ಅಂಥ ಅಡ್ಡಹೆಸರು ಒಂದು ವಲಸೆಯ ಗುರುತು. ಗಡಿ ದಾಟಿ ಸೋಲಾಪುರದ ಕಡೆಗೆ ಹೋದವರ ಹೆಸರಿಗೆ ಮರಾಠಿಯ 'ಕರ' ಪ್ರತ್ಯಯವೂ ಸೇರುವುದುಂಟು. ಆದರೆ ಊರಿನ ಹೆಸರನ್ನು ಕಂಡೊಡನೆ ಮೂಲ ಸಿಕ್ಕಿತೆಂದು ಹಿಗ್ಗಬಾರದು. ಹಿಪ್ಪರಗಿ ಎಂದರೆ ಆಳಂದ ತಾಲೂಕಿನ ಮಾದನಹಿಪ್ಪರಗಿಯೋ, ವಿಜಯಪುರ ಜಿಲ್ಲೆಯ ದೇವರಹಿಪ್ಪರಗಿಯೋ? ಕರಜಗಿ ಎಂದರೆ ಅಫಜಲಪುರ ತಾಲೂಕಿನದೋ, ಹಾವೇರಿಯ ಸಮೀಪದ್ದೋ? ಹೆಸರೊಂದೇ ಇದನ್ನು ಹೇಳಲಾರದು.

ಹಾಗಾದರೆ ಏನನ್ನು ಹಿಡಿದು ಹೋಗಬೇಕು? ಹೊಲವನ್ನು ಹಿಡಿದು ಹೋಗಬೇಕೆಂಬುದೇ ನಮ್ಮ ಮತ. ಅಡ್ಡಹೆಸರು ತಲೆಮಾರಿಗೊಮ್ಮೆ ಬದಲಾಗಬಹುದು. ಹೊಲವು ಇದ್ದಲ್ಲಿಯೇ ಇರುತ್ತದೆ. ಸರ್ವೇ ನಂಬರು ಹಿಸ್ಸೆಗಳಾಗಿ ಒಡೆದರೂ ಮೂಲದ ಅಂಕಿಯನ್ನು ಬಿಡುವುದಿಲ್ಲ. ಇಂದಿನ ಪಹಣಿಯಿಂದ ಹೊರಟು, ಖಾತೆ ಬದಲಾವಣೆಯ ಪುಸ್ತಕಗಳ ಮೂಲಕ 1954-55ರ ಖಾಸ್ರಾ ಪಹಣಿಗೆ, ಅಲ್ಲಿಂದ ನಿಜಾಮರ ಕಾಲದ ಸೇತ್ವಾರ್ ಪತ್ರಕ್ಕೆ ಹೋದರೆ ಅಜ್ಜ, ಮುತ್ತಜ್ಜರ ಹೆಸರುಗಳು ಒಂದೊಂದಾಗಿ ಎದುರಾಗುವವು. ಜಾಗೀರಿನ ಹಳ್ಳಿಗಳ ಲೆಕ್ಕಪತ್ರಗಳಾದರೋ 1949ರಲ್ಲಿ ಜಾಗೀರುಗಳು ರದ್ದಾಗುವವರೆಗೆ ಜಾಗೀರದಾರರ ಕಚೇರಿಗಳಲ್ಲಿದ್ದವು.

ಇಲ್ಲಿ ಲಿಪಿಯ ತೊಡಕೊಂದುಂಟು. ಹೈದರಾಬಾದ ಸಂಸ್ಥಾನದ ಕಚೇರಿಯ ಭಾಷೆ ಮೊದಲು ಫಾರಸಿ, 1880ರ ದಶಕದಿಂದೀಚೆಗೆ ಉರ್ದು. ಉರ್ದುವಿನಲ್ಲಿ ನಮ್ಮ ಳಕಾರವಿಲ್ಲ. ಹ್ರಸ್ವಸ್ವರಗಳನ್ನು ಬರೆಯುವ ವಾಡಿಕೆಯೂ ಇಲ್ಲ. ಆದಕಾರಣ ಆಳಂದವು ಆಲಂದವಾಗುವುದು, ತಳವಾರನು ತಲವಾರನಾಗುವನು. ಸಂಸ್ಥಾನವು 1948ರಲ್ಲಿ ಭಾರತದಲ್ಲಿ ಸೇರಿ, 1956ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅದೇ ಹೆಸರುಗಳು ಕನ್ನಡಕ್ಕೆ ಮರಳಿದವು; 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಗಣಕಯಂತ್ರವನ್ನು ಹೊಕ್ಕವು. ಬರೆಯುವ ಕೈ ಬದಲಾದಾಗಲೆಲ್ಲ ಒಂದು ಅಕ್ಷರ ಅತ್ತಿತ್ತ ಆಗುವ ಸಂಭವವಿದ್ದೇ ಇದೆ. ಕಾಗುಣಿತ ಬೇರೆಯಾಯಿತೆಂದು ಮನುಷ್ಯನೇ ಬೇರೆಯೆಂದು ತೀರ್ಮಾನಿಸಲಾಗದು; ಹೆಸರು ಒಂದೇ ಆಯಿತೆಂದು ಮನೆತನ ಒಂದೇ ಎಂದೂ ಹೇಳಲಾಗದು.

ಕಾಗದದ ಹೊರಗೂ ದಾಖಲೆಗಳುಂಟು. ಸುಗ್ಗಿಯ ತರುವಾಯ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವನನ್ನು ಹಿರಿಯರು ಬಲ್ಲರು. ಇಂತಿಂಥ ಒಕ್ಕಲುಗಳು ಇಂತಿಂಥ ಹೆಳವರಿಗೆ ಸೇರಿದವೆಂಬ ಕಟ್ಟು ಅವರಲ್ಲಿದೆ. ಮನೆಯ ಮೂಲಸ್ಥಳ, ಬೆಡಗು, ಊರು ಬಿಟ್ಟ ಕಾರಣ, ತಲೆತಲಾಂತರದ ಹೆಸರುಗಳನ್ನು ಅವನು ಹೊಗಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು, ಬಟ್ಟೆ ಪಡೆದು ಹೋಗುವನು. ಕಾಶಿ, ಗಯೆ, ತ್ರ್ಯಂಬಕೇಶ್ವರಗಳ ತೀರ್ಥಪುರೋಹಿತರ ವಹಿಗಳಲ್ಲಿಯೂ ಯಾತ್ರೆಗೆ ಹೋದ ಹಿರಿಯರ ಹೆಸರು, ಊರುಗಳು ದೊರೆಯಬಹುದು. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರುವುದು ಸಹಜ. ಹೆಳವನ ಮಾತನ್ನು ಪಹಣಿಯೊಡನೆ ಹೋಲಿಸಿ ನೋಡುವುದು ಲೇಸು. ಎತ್ತನ್ನು ಬಿಟ್ಟು ಬೇರೆ ಉದ್ಯೋಗ ಹಿಡಿದ ಹೆಳವರು ಇಂದು ಅನೇಕರಿರುವುದರಿಂದ ಈ ಕೆಲಸಕ್ಕೆ ತಡಮಾಡಲಾಗದು.

ಇದೆಲ್ಲ ಬಿಡುವಿನ ವೇಳೆಯ ಕುತೂಹಲವಷ್ಟೇ ಎಂದು ಯಾರೂ ಭಾವಿಸಬಾರದು. 2020ರಲ್ಲಿ ಕೇಂದ್ರದ ಕಾಯಿದೆಯೊಂದು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕರೊಡನೆ ಪರಿವಾರ, ತಳವಾರ ಎಂಬ ಹೆಸರುಗಳನ್ನು ಸೇರಿಸಿತು. ಊರ ಕಾವಲಿನಿಂದ ತಳವಾರರೆನಿಸಿಕೊಂಡವರು ಒಂದಕ್ಕಿಂತ ಹೆಚ್ಚು ಜಾತಿಗಳಲ್ಲಿರುವುದರಿಂದ, ಅಡ್ಡಹೆಸರೊಂದೇ ಪ್ರಮಾಣವಾಗುವುದೇ ಎಂಬ ಚರ್ಚೆ ಈ ಸೀಮೆಯಲ್ಲಿ ಎದ್ದಿತು. ಒಬ್ಬ ವಿದ್ಯಾರ್ಥಿಯ ಮುಂದಿನ ಓದು, ಒಬ್ಬನ ನೌಕರಿ ಇಂಥ ಒಂದು ಪದದ ಮೇಲೆ ನಿಂತಿರಬಹುದು.

ಹೆಣ್ಣುಮಕ್ಕಳ ವಿಷಯವು ಇನ್ನೂ ಗಂಭೀರವಾದುದು. ಹಳೆಯ ಭೂದಾಖಲೆಗಳಲ್ಲಿ ತಂದೆಯ ಮುಂದೆ ಮಗ, ಮಗನ ಮುಂದೆ ಮೊಮ್ಮಗ. ಮಗಳ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಮದುವೆಯೊಡನೆ ಅವಳ ಅಡ್ಡಹೆಸರೂ ಬದಲಾಗುವುದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿದೆ. ಆದರೆ ವಂಶವೃಕ್ಷವನ್ನು ಬರೆಯಿಸುವಾಗ ಅವಳ ಹೆಸರೇ ಬಿಟ್ಟುಹೋದರೆ ಆ ಹಕ್ಕಿಗಾಗಿ ಅವಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಂದು ವಹಿಯನ್ನಿಡಬೇಕೆಂದು ನಮ್ಮ ಸೂಚನೆ. ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಬೇಕು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ಊರಿನಿಂದ ತಂದರು ಎಂಬುದು ಗಂಡಸರಿಗಿಂತ ಅವರ ನೆನಪಿನಲ್ಲಿ ಚೆನ್ನಾಗಿರುತ್ತದೆ. ಹೆಸರಿನೊಡನೆ ತವರೂರು, ಮನೆದೇವರು, ಹೊಲದ ಕರೆಯುವ ಹೆಸರು, ಸರ್ವೇ ನಂಬರು, ಶಾಲೆಗೆ ಹೆಸರು ಹಚ್ಚಿದ ವರ್ಷ ಇವಿಷ್ಟನ್ನು ಬರೆದಿಡಬೇಕು. ಪೆಟ್ಟಿಗೆಯಲ್ಲಿ ಉರ್ದು ಅಥವಾ ಮೋಡಿ ಬರಹದ ಕಾಗದವಿದ್ದರೆ ಓದಲು ಬಾರದೆಂದು ರದ್ದಿಗೆ ಹಾಕದೆ, ಬಲ್ಲವರು ಇರುವಾಗಲೇ ಓದಿಸಿ ಕನ್ನಡದಲ್ಲಿ ಬರೆದುಕೊಳ್ಳಬೇಕು. ಆ ಲಿಪಿಗಳನ್ನು ಬಲ್ಲವರು ನಮ್ಮ ಹಳ್ಳಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಮುಂದಿನ ಅಮವಾಸ್ಯೆಗೋ ಹಬ್ಬಕ್ಕೋ ಮನೆಯವರೆಲ್ಲ ಕೂಡಿದಾಗ ಈ ಕೆಲಸಕ್ಕೆ ತೊಡಗುವುದು ಉಚಿತ.