ಗಾಲಿಕುರ್ಚಿ ಬಳಸುವವರಿಗೂ ಚಾರಣದ ಹಕ್ಕಿದೆ: ಕಾನೂನಿನಲ್ಲಿರುವುದು ಬೆಟ್ಟದ ಬುಡಕ್ಕೆ ಬರುವುದು ಯಾವಾಗ?

"ಎಷ್ಟು ಮೆಟ್ಟಿಲು ಇದೆ ಅಂತ ಮೊದಲೇ ಗೊತ್ತಿದ್ದಿದ್ರೆ, ಬರೋದಾ ಬೇಡ್ವಾ ಅಂತ ನಾನೇ ತೀರ್ಮಾನ ಮಾಡ್ತಿದ್ದೆ. ಇಲ್ಲಿಗೆ ಬಂದ ಮೇಲೆ ಗೊತ್ತಾಗೋದಿದೆಯಲ್ಲ, ಅದೇ ಬೇಜಾರು."

ಚಿಕ್ಕಮಗಳೂರು ಕಡೆಯ ಒಂದು ಬೆಟ್ಟದ ಬುಡದಲ್ಲಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದ ಗೆಳೆಯ ಹೇಳಿದ ಮಾತಿದು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲಿಗೆ ಬಲವಿಲ್ಲ, ಊರುಗೋಲು ಹಿಡಿದೇ ಓಡಾಡುತ್ತಾನೆ. "ಗಾಡಿ ಮೇಲಿನವರೆಗೂ ಹೋಗುತ್ತೆ" ಅಂತ ಯಾರೋ ಹೇಳಿದ್ದನ್ನು ನಂಬಿ ಅವನನ್ನು ಕರೆದುಕೊಂಡು ಹೋಗಿದ್ದೆವು. ಗಾಡಿ ಹೋಯಿತು, ಆದರೆ ಅಲ್ಲಿಂದಾಚೆ ಬರೀ ಮೆಟ್ಟಿಲು. ನಾವು ಹತ್ತಿ ಇಳಿದು ಬರುವ ಹೊತ್ತಿಗೆ ಅವನು ಮೂರು ಚಹಾ ಕುಡಿದಿದ್ದ. ಚಹಾ ಅಂಗಡಿಯಾತನ ಮನೆಯ ಕಷ್ಟಸುಖವೆಲ್ಲ ಅವನಿಗೆ ಗೊತ್ತಾಗಿತ್ತು. ನಾವು ಫೋಟೋ ತೋರಿಸಿದೆವು. "ಚೆನ್ನಾಗಿದೆ" ಅಂದ. ಮುಂದಿನ ಟ್ರೆಕ್‌ಗೆ ಅವನು ಬರಲಿಲ್ಲ. ನಿಜ ಹೇಳಬೇಕೆಂದರೆ, ನಾವೂ ಕರೆಯಲಿಲ್ಲ.

"ಪಾಪ, ಅವರಿಗೆ ಆಗಲ್ಲ ಬಿಡಿ" ಎನ್ನುವ ಮಾತು ಇಂಥ ಕಡೆ ತುಂಬಾ ಸಲೀಸಾಗಿ ಬಂದುಬಿಡುತ್ತದೆ. ಆದರೆ ಆಗದೇ ಇದ್ದದ್ದು ಯಾವುದರಿಂದ? ಅವನ ಕಾಲಿನಿಂದಲೋ, ಬೆಟ್ಟದಿಂದಲೋ, ಅಥವಾ ಇಷ್ಟು ಮೆಟ್ಟಿಲಿದೆ ಎಂದು ಮೊದಲೇ ಹೇಳದ ವ್ಯವಸ್ಥೆಯಿಂದಲೋ?

ಚಾರಣ ಈಗ ಸರ್ಕಾರಿ ಸೇವೆ

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಮಂಡಿನೋವಿನ ಹಿರಿಯರು, ಅಪಘಾತದಿಂದ ಚೇತರಿಸಿಕೊಳ್ಳುತ್ತಿರುವವರು ಹಲವರು ಈ ಲೆಕ್ಕಕ್ಕೆ ಬರುವುದಿಲ್ಲ. ಇವರೆಲ್ಲ ಕಾಡು ನೋಡಬೇಕು, ಬೆಟ್ಟದ ಗಾಳಿ ಕುಡಿಯಬೇಕು ಅಂದರೆ ನಮಗೆ ಅದು ಐಷಾರಾಮದ ಬೇಡಿಕೆಯಂತೆ ಕೇಳಿಸುತ್ತದೆ. "ಬಸ್ಸು, ಶಾಲೆ, ಶೌಚಾಲಯವೇ ಸರಿಯಿಲ್ಲ, ಟ್ರೆಕ್ಕಿಂಗ್ ಬೇರೆ ಕೇಡು" ಅನ್ನುವವರಿದ್ದಾರೆ. ಬಸ್ಸು, ಶಾಲೆ ಮೊದಲು ಸರಿಯಾಗಬೇಕು ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಉಳಿದವರು ತಮ್ಮೂರಿನ ಬಸ್ ಸರಿಹೋಗಲಿ ಅಂತ ಕಾದು ಕೂತು ಆಮೇಲೆ ಟ್ರೆಕ್ಕಿಂಗ್ ಶುರು ಮಾಡಿದರಾ? ಖುಷಿಪಡುವುದಕ್ಕೂ ಸರದಿ ಕಾಯಬೇಕು ಎನ್ನುವ ಷರತ್ತು ವಿಕಲಚೇತನರಿಗೆ ಮಾತ್ರ ಯಾಕೆ?

ಇನ್ನೊಂದು ವಾದ, "ಬೆಟ್ಟ ಪ್ರಕೃತಿ ಮಾಡಿದ್ದು, ಸರ್ಕಾರ ಏನು ಮಾಡೋಕಾಗುತ್ತೆ" ಎನ್ನುವುದು. ಇದಕ್ಕೆ ಉತ್ತರ ನಮ್ಮ ಕಣ್ಣೆದುರೇ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿದ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿತು, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ತಂದಿತು. ಅಂದರೆ ಚಾರಣದ ದಾರಿಗೆ ಗೇಟಿದೆ, ಟಿಕೆಟ್ಟಿದೆ, ಶುಲ್ಕವಿದೆ, ನಿಯಮವಿದೆ. ಬೆಟ್ಟ ಪ್ರಕೃತಿಯದ್ದೇ ಇರಬಹುದು, ಆದರೆ ಬೆಟ್ಟಕ್ಕೆ ಹೋಗುವ ವ್ಯವಸ್ಥೆ ಸರ್ಕಾರದ್ದು. ಜನಜಂಗುಳಿ ಸಮಸ್ಯೆಯಾದಾಗ ಅದೇ ವರ್ಷದಲ್ಲಿ ವ್ಯವಸ್ಥೆ ಬದಲಾಯಿತು. ಒಳಗೆ ಬರಲಾಗದೇ ಹೊರಗೆ ಉಳಿದವರ ವಿಚಾರದಲ್ಲಿ ಆ ಅವಸರ ಕಾಣಲಿಲ್ಲ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಎಂದರೆ ಮೀಸಲಾತಿ, ಪಿಂಚಣಿ, ರಿಯಾಯಿತಿ ಪಾಸು ಎಂದಷ್ಟೇ ಬಹಳ ಜನ ಅಂದುಕೊಂಡಿದ್ದಾರೆ. ಅದರ 29ನೇ ಸೆಕ್ಷನ್ ಒಮ್ಮೆ ಓದಿ. ಸಂಸ್ಕೃತಿ ಮತ್ತು ಮನರಂಜನೆಯಲ್ಲಿ ಸಮಾನವಾಗಿ ಪಾಲ್ಗೊಳ್ಳುವ ಹಕ್ಕನ್ನು ಹೇಳುವ ಈ ಸೆಕ್ಷನ್, ಸರ್ಕಾರ ಕೈಗೊಳ್ಳಬೇಕಾದ ಕ್ರಮಗಳ ಪಟ್ಟಿಯಲ್ಲಿ ಹೊರಾಂಗಣ ಶಿಬಿರ ಮತ್ತು ಸಾಹಸ ಚಟುವಟಿಕೆಗಳಲ್ಲಿ ಭಾಗವಹಿಸಲು ಅನುಕೂಲ ಮಾಡಿಕೊಡುವುದನ್ನು ಹೆಸರಿಸಿಯೇ ಸೇರಿಸಿದೆ. ಯಾರೋ ದಯೆ ತೋರಿಸಿ ಮಾಡುವ ಕೆಲಸ ಎಂದಲ್ಲ, ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆ ಎಂದೇ ಅಲ್ಲಿ ಬರೆದಿದೆ.

ಅದೇ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. ಕಾಯ್ದೆಯ ವ್ಯಾಖ್ಯಾನದಲ್ಲಿ ವಿರಾಮ ಮತ್ತು ಮನರಂಜನೆಗೆ ಜನ ಬಳಸುವ ಕಟ್ಟಡಗಳೂ ಸೇರುತ್ತವೆ. ಹಾಗಾಗಿ ಬೆಟ್ಟದ ಬುಡದ ಟಿಕೆಟ್ ಕೌಂಟರ್, ಮಾಹಿತಿ ಕೇಂದ್ರ, ಶೌಚಾಲಯ ಯಾವುದಕ್ಕೂ "ಇದು ಕಾಡು" ಎನ್ನುವ ನೆಪ ಹೇಳಲು ಬರುವುದಿಲ್ಲ.

ಮತ್ತೊಂದು ಮುಖ್ಯ ಬೆಳವಣಿಗೆಯೂ ಇದೆ. 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ನಿಯಮಗಳ 15(1)ನೇ ನಿಯಮವನ್ನು ಕಾಯ್ದೆಗೆ ವಿರುದ್ಧ ಎಂದು ಹೇಳಿತು. ಕಾರಣ ಸರಳ. ಕಾಯ್ದೆ ಕಡ್ಡಾಯ ಮಾನದಂಡ ಬೇಕು ಎನ್ನುತ್ತದೆ, ನಿಯಮದಡಿ ಕೊಟ್ಟದ್ದು ಬರೀ ಮಾರ್ಗಸೂಚಿ. ಮಾಡಿದರೆ ಮಾಡಿ, ಬಿಟ್ಟರೆ ಬಿಡಿ ಎಂಬಂತಿತ್ತು. ಬಿಟ್ಟುಕೊಡಲಾಗದ ಕನಿಷ್ಠ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೋರ್ಟ್ ಕೇಂದ್ರಕ್ಕೆ ಸೂಚಿಸಿತು.

ಹಾಗಾದರೆ ಕಾಡಿಗೆ ಸಿಮೆಂಟ್ ಹಾಕಬೇಕಾ?

ಬೇಡ. ಯಾರೂ ಅದನ್ನು ಕೇಳುತ್ತಿಲ್ಲ. ಕುಮಾರ ಪರ್ವತ ಪುಷ್ಪಗಿರಿ ವನ್ಯಧಾಮದಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಕಾಂಕ್ರೀಟ್ ಸುರಿಯುವುದನ್ನು ಮೊದಲು ವಿರೋಧಿಸಬೇಕಾದವರು ನಾವೇ.

ಈ ಗೊಂದಲವನ್ನು ಬೇರೆ ದೇಶಗಳು ಹೇಗೆ ಬಿಡಿಸಿಕೊಂಡವು ನೋಡೋಣ. ಅಮೆರಿಕದ ಫೆಡರಲ್ ಸರ್ಕಾರದ ಜಾಗಗಳಲ್ಲಿರುವ ಚಾರಣ ದಾರಿಗಳಿಗೆ 2013ರಲ್ಲಿ ಮಾನದಂಡ ಬಂತು. ಅದರಲ್ಲಿ ಸಿಮೆಂಟ್ ಕಡ್ಡಾಯವಿಲ್ಲ. ನೆಲ ಗಟ್ಟಿಯಾಗಿರಬೇಕು, ಕಾಲಡಿಯಲ್ಲಿ ಜಾರಿ ಕದಲಬಾರದು, ಅಷ್ಟೇ. ಚೆನ್ನಾಗಿ ದಮ್ಮಸ್ಸು ಮಾಡಿದ ಮಣ್ಣು, ಜಲ್ಲಿಪುಡಿಯೂ ನಡೆಯುತ್ತದೆ. ಅಗಲ ಕನಿಷ್ಠ 3 ಅಡಿ. ಮಣ್ಣಿನ ದಾರಿಯಲ್ಲಿ ಬೇರು, ಕಲ್ಲು 2 ಇಂಚಿಗಿಂತ ಎತ್ತರಕ್ಕೆ ಎದ್ದಿರಬಾರದು.

ಏರಿನ ಲೆಕ್ಕ ಹೀಗಿದೆ: 20 ಅಡಿ ಮುಂದೆ ಹೋದಾಗ 1 ಅಡಿ ಏರುವ ದಾರಿ ಎಷ್ಟು ಉದ್ದವಿದ್ದರೂ ಪರವಾಗಿಲ್ಲ. 12 ಅಡಿಗೆ 1 ಅಡಿ ಏರುವುದಾದರೆ ಒಂದೇ ಸಮನೆ 200 ಅಡಿ ದಾಟಬಾರದು. 10 ಅಡಿಗೆ 1 ಅಡಿಯಾದರೆ 30 ಅಡಿ, 8 ಅಡಿಗೆ 1 ಅಡಿಯಾದರೆ ಬರೀ 10 ಅಡಿ. ಇಂಥ ಏರುಗಳ ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬೇಕು. ಕೈಯಿಂದ ಚಕ್ರ ತಳ್ಳುವವರ ತೋಳು ಎಷ್ಟು ಹೊತ್ತು ತಡೆಯುತ್ತದೆ ಎನ್ನುವುದೇ ಇದರ ಹಿಂದಿರುವ ಲೆಕ್ಕ.

ಎಲ್ಲ ದಾರಿಯನ್ನೂ ಹೀಗೆ ಮಾಡಲೇಬೇಕು ಅಂತಿಲ್ಲ. ಕಡಿದಾದ ಬೆಟ್ಟದಲ್ಲಿ ಸಾಧ್ಯವೇ ಇಲ್ಲದಿದ್ದರೆ, ಅಥವಾ ಜಾಗದ ಸ್ವರೂಪವೇ ಕೆಡುವುದಾದರೆ ವಿನಾಯಿತಿ ಇದೆ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ ಮಾನದಂಡದಲ್ಲಿರುವ ಬೋರ್ಡಿನ ನಿಯಮ. ಹೊಸದಾಗಿ ಹಾಕುವ ಮಾಹಿತಿ ಫಲಕದಲ್ಲಿ ದಾರಿಯ ಉದ್ದ, ನೆಲ ಎಂಥದು, ಅಗಲ ಎಷ್ಟು, ಅತಿ ಕಿರಿದಾದ ಕಡೆ ಎಷ್ಟು, ಏರು ಎಷ್ಟು, ಅಡ್ಡ ಇಳಿಜಾರು ಎಷ್ಟು ಎಂದು ಬರೆದಿರಬೇಕು. "ನಿಮಗೆ ಆಗುತ್ತೆ, ಆಗಲ್ಲ" ಅಂತ ಬೋರ್ಡು ಹೇಳುವುದಿಲ್ಲ. ಅಂಕಿ ಕೊಡುತ್ತದೆ, ತೀರ್ಮಾನ ನಿಮಗೆ ಬಿಡುತ್ತದೆ. ನನ್ನ ಗೆಳೆಯ ಕೇಳಿದ್ದೂ ಅದನ್ನೇ.

ನಮ್ಮಲ್ಲಿ ಚಾರಣದ ಮಾಹಿತಿ ಅಂದರೆ ಸಾಮಾನ್ಯವಾಗಿ ದೂರ, ಜೊತೆಗೆ "ಸುಲಭ, ಮಧ್ಯಮ, ಕಠಿಣ" ಎಂಬ ಮೂರು ಪದ. ಸುಲಭ ಯಾರಿಗೆ? ಇಪ್ಪತ್ತೈದರ ಹುಡುಗನಿಗೋ, ಕ್ಯಾಲಿಪರ್ ಹಾಕಿಕೊಂಡವರಿಗೋ?

ಕಾಡಿಗೆ ಹೋಗುವ ಕುರ್ಚಿಗಳು

ದಾರಿ ಬದಲಾಯಿಸಲು ಆಗದ ಕಡೆ ಕುರ್ಚಿಯನ್ನು ಬದಲಾಯಿಸಿದವರೂ ಇದ್ದಾರೆ. 1987ರಲ್ಲಿ ಫ್ರಾನ್ಸಿನ ಜೋಯೆಲ್ ಕ್ಲೋಡೆಲ್, ಸ್ನಾಯು ಕ್ಷೀಣಿಸುವ ಕಾಯಿಲೆಯಿದ್ದ ತಮ್ಮ ಸಂಬಂಧಿ ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯಲು ಒಂದೇ ಚಕ್ರದ ಕುರ್ಚಿ ಮಾಡಿದರು. ಹೆಸರು ಜೋಲೆಟ್. ಮುಂದೊಬ್ಬರು, ಹಿಂದೊಬ್ಬರು ಹಿಡಿದುಕೊಂಡರೆ ಕಾಲುದಾರಿಯಲ್ಲೂ ಸಾಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿರುವ ಸ್ಟಾಂಟನ್ ಸ್ಟೇಟ್ ಪಾರ್ಕ್ 2017ರಿಂದ ಯುದ್ಧ ಟ್ಯಾಂಕಿನಂಥ ಪಟ್ಟಿಗಳ ಮೇಲೆ ಓಡುವ ಬ್ಯಾಟರಿ ಕುರ್ಚಿಗಳನ್ನು ಪುಕ್ಕಟೆಯಾಗಿ ಬಳಸಲು ಕೊಡುತ್ತಿದೆ. ಲಕ್ಷಾಂತರ ರೂಪಾಯಿಯ ಇಂಥ ಕುರ್ಚಿಯನ್ನು ಒಬ್ಬೊಬ್ಬರೂ ಕೊಳ್ಳಬೇಕಿಲ್ಲ. ಪಾರ್ಕಿನಲ್ಲಿ ಕೆಲವೇ ಇದ್ದರೂ ಸಾಕು, ಸರದಿಯಲ್ಲಿ ಬುಕ್ ಮಾಡಿಕೊಳ್ಳುತ್ತಾರೆ.

ಮೂರನೇ ಕತೆಗೆ ಭಾರತದ ನಂಟಿದೆ. ಬಡ ದೇಶಗಳ ಹಳ್ಳಿಗಳ ಕೆಟ್ಟ ರಸ್ತೆಗೆಂದೇ ಅಮೆರಿಕದ ಎಂಐಟಿಯ ತಂಡವೊಂದು ಸನ್ನೆಕೋಲಿನ ಗಾಲಿಕುರ್ಚಿ ರೂಪಿಸಿತು. ಎರಡು ಸನ್ನೆಕೋಲನ್ನು ಕೈಯಿಂದ ಹಿಂದೆ ಮುಂದೆ ತಳ್ಳಿದರೆ ಕುರ್ಚಿ ಚಲಿಸುತ್ತದೆ. ಮೇಲ್ತುದಿಯಲ್ಲಿ ಹಿಡಿದರೆ ಏರು ಹತ್ತಲು ಬಲ, ಕೆಳಗೆ ಹಿಡಿದರೆ ಸಮತಟ್ಟಿನಲ್ಲಿ ವೇಗ. ಎಲ್ಲೆಡೆ ರಿಪೇರಿ ಮಾಡಲು ಸಾಧ್ಯವಾಗಲಿ ಅಂತ ಸೈಕಲ್ಲಿನ ಬಿಡಿಭಾಗಗಳನ್ನೇ ಬಳಸಿದರು. ಇದರ ಪರೀಕ್ಷೆ ನಡೆದ ಜಾಗಗಳಲ್ಲಿ ಭಾರತವೂ ಒಂದು, 'ಜೈಪುರ ಕಾಲು' ಕೊಡುವ ಸಂಸ್ಥೆಯ ಜೊತೆಯಲ್ಲಿ. ಅದೇ ವಿನ್ಯಾಸ ಇವತ್ತು ಅಮೆರಿಕದಲ್ಲಿ ಚಾರಣದ ಕುರ್ಚಿಯಾಗಿ ಮಾರಾಟವಾಗುತ್ತಿದೆ. ನಮ್ಮ ಹಳ್ಳಿಯ ಹಾದಿಗೆಂದು ಹುಟ್ಟಿದ ಕುರ್ಚಿ ಅಲ್ಲಿನ ಬೆಟ್ಟ ಹತ್ತುತ್ತಿದೆ.

ಡೋಲಿ ಇದೆಯಲ್ಲ, ರೋಪ್‌ವೇ ಬರುತ್ತಲ್ಲ?

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಗೆ ಕಡೆದ ಮೆಟ್ಟಿಲು ಹತ್ತಲಾಗದವರನ್ನು ಡೋಲಿಯಲ್ಲಿ ಹೊತ್ತೊಯ್ಯುತ್ತಾರೆ. ಎಷ್ಟೋ ಅಜ್ಜ ಅಜ್ಜಿಯರು ಬಾಹುಬಲಿಯನ್ನು ನೋಡಿದ್ದು ಹೀಗೆಯೇ. ಅದನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಅಲ್ಲಿ ಒಬ್ಬರ ಹಕ್ಕು ಇನ್ನೊಬ್ಬರ ಹೆಗಲ ಮೇಲಿದೆ, ಜೊತೆಗೆ ಜೇಬಿನಲ್ಲಿ ಕಾಸೂ ಇರಬೇಕು. ಗಿರಿಧಾಮ ಮಾಥೆರಾನ್‌ನಲ್ಲಿ ಮನುಷ್ಯರು ಕೈಯಿಂದ ಎಳೆಯುವ ರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾ ಕೊಡಿ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಕುಳಿತವರ ಘನತೆಯಷ್ಟೇ ಹೊರುವವರ ಘನತೆಯೂ ಮುಖ್ಯ, ಅವರ ಹೊಟ್ಟೆಪಾಡೂ ಮುಖ್ಯ.

ಇನ್ನು ರೋಪ್‌ವೇ. ನಂದಿಬೆಟ್ಟಕ್ಕೆ, ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಮಾತು ಬಂದಾಗಲೆಲ್ಲ "ವೃದ್ಧರಿಗೆ, ವಿಕಲಚೇತನರಿಗೆ ಅನುಕೂಲ" ಎಂಬ ಸಾಲೂ ಬರುತ್ತದೆ. ಸ್ವಲ್ಪ ಯೋಚಿಸಿ. ಈ ಎರಡೂ ಬೆಟ್ಟಕ್ಕೆ ಈಗಾಗಲೇ ಡಾಂಬರು ರಸ್ತೆ ಇದೆ. ವಾಹನ ಇಳಿದ ಮೇಲೆ ಕಾಲುದಾರಿ, ಶೌಚಾಲಯ, ಕೂರುವ ಜಾಗ ಹೇಗಿದೆ ಅನ್ನುವುದು ಪ್ರಶ್ನೆ. ಅದನ್ನು ಸರಿಪಡಿಸದೆ ಕೋಟಿಗಟ್ಟಲೆ ಯೋಜನೆಗೆ ವಿಕಲಚೇತನರ ಹೆಸರು ಬಳಸಿಕೊಂಡರೆ, ಅದು ಅವರನ್ನು ಗುರಾಣಿ ಮಾಡಿಕೊಂಡಂತೆ. ಪರಿಸರ ಹೋರಾಟಗಾರರೂ ಇಲ್ಲೊಂದು ತಪ್ಪು ಮಾಡುತ್ತೇವೆ. ರೋಪ್‌ವೇ ಬೇಡ ಅಂತ ಹೇಳಿ ಸುಮ್ಮನಾಗುತ್ತೇವೆ. ಹಾಗಾದರೆ ನಡೆಯಲಾಗದವರು ಏನು ಮಾಡಬೇಕು ಎನ್ನುವುದಕ್ಕೆ ನಮ್ಮ ಬಳಿ ಉತ್ತರ ಇರುವುದಿಲ್ಲ.

ಏನು ಕೇಳಬೇಕು?

ಉತ್ತರ ದುಬಾರಿಯೇನಲ್ಲ.

ಒಂದು, ಬುಕಿಂಗ್ ಜಾಲತಾಣದಲ್ಲಿ ಮತ್ತು ಗೇಟಿನಲ್ಲಿ ಪ್ರತಿ ದಾರಿಯ ನಿಜವಾದ ಅಳತೆ: ನೆಲ, ಅಗಲ, ಏರು, ಮೆಟ್ಟಿಲ ಸಂಖ್ಯೆ, ಹಳ್ಳ ದಾಟಬೇಕೇ, ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ. ಒಬ್ಬ ಅರಣ್ಯ ಸಿಬ್ಬಂದಿ, ಒಂದು ಟೇಪು, ಕೆಲವು ಫೋಟೋ ಇದ್ದರೆ ಆಗುವ ಕೆಲಸ.

ಎರಡು, ಗೇಟು. ಬೈಕು, ದನ ಬಾರದಿರಲಿ ಅಂತ ಪಾರ್ಕು, ಕೆರೆಯಂಗಳಗಳಲ್ಲಿ ಹಾಕುವ ತಿರುಗುವ ಗೇಟು, ಇಕ್ಕಟ್ಟಿನ ಕಂಬಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ಪಕ್ಕದಲ್ಲೊಂದು ತೆರೆಯುವ ಬಾಗಿಲು ಸಾಕು.

ಮೂರು, ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಸಮತಟ್ಟಾದ ಕಾಡುದಾರಿ. ಶಿಖರವೇ ಆಗಬೇಕಿಲ್ಲ. ಸಂರಕ್ಷಿತ ಪ್ರದೇಶದ ಹೊರಗಿನ ಹಳೇ ಜೀಪ್ ರಸ್ತೆ, ಕೆರೆ ಏರಿ, ಸಸ್ಯೋದ್ಯಾನ ಇದ್ದೇ ಇವೆ. ಅಲ್ಲಿ ಒಂದು ಕಿಲೋಮೀಟರ್ ದಾರಿ, ಬಳಸಲು ಒಂದೆರಡು ಒರಟು ನೆಲದ ಕುರ್ಚಿ.

ನಾಲ್ಕು, ಇದನ್ನೆಲ್ಲ ತೀರ್ಮಾನಿಸುವ ಸಭೆಯಲ್ಲಿ ಗಾಲಿಕುರ್ಚಿ, ಊರುಗೋಲು ಬಳಸುವವರೇ ಇರಬೇಕು.

ಕೇಳುವುದು ಹೇಗೆ? ಆರ್‌ಟಿಐ ಅರ್ಜಿಗೆ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. "ನಿಮ್ಮ ವಿಭಾಗದ ಚಾರಣ ದಾರಿಗಳಲ್ಲಿ 2016ರ ಕಾಯ್ದೆಯ 29ನೇ ಸೆಕ್ಷನ್ ಜಾರಿಗೆ ಏನು ಕ್ರಮ ಕೈಗೊಂಡಿದ್ದೀರಿ" ಎಂದು ಅರಣ್ಯ ಇಲಾಖೆಯನ್ನು ಕೇಳಿ. ಉತ್ತರ "ಏನೂ ಇಲ್ಲ" ಅಂತಾದರೆ ಅದನ್ನೇ ಲಗತ್ತಿಸಿ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಹಕ್ಕು ಉಲ್ಲಂಘನೆಯನ್ನು ವಿಚಾರಿಸಿ ಇಲಾಖೆಗೆ ಶಿಫಾರಸು ಮಾಡುವ ಅಧಿಕಾರ ಕಾಯ್ದೆ ಅವರಿಗೆ ಕೊಟ್ಟಿದೆ.

ಮೊನ್ನೆ ಆ ಗೆಳೆಯನಿಗೆ ಫೋನ್ ಮಾಡಿ ಈ ಲೇಖನದ ವಿಷಯ ಹೇಳಿದೆ. "ಬರಿ, ಬರಿ" ಅಂದ. ಆಮೇಲೆ, "ಕಾಯ್ದೆ ಬದಲಾಗೋವರೆಗೂ ನೀವು ಕಾಯ್ಬೇಕಿಲ್ವಲ್ಲ? ಮುಂದಿನ ಸಲ ಹೋಗೋ ಮುಂಚೆ ಯಾರಾದ್ರೂ ಒಬ್ರು ಹೋಗಿ ಮೆಟ್ಟಿಲು ಎಣಿಸ್ಕೊಂಡು ಬನ್ನಿ" ಅಂದ.

ಈ ಭಾನುವಾರ ಎಣಿಸಲು ಹೋಗುತ್ತಿದ್ದೇವೆ.